ಚಿಪ್ ಚರ್ಚೆಯಲ್ಲಿ ಫೋಟೋರೆಸಿಸ್ಟ್ ಎಲ್ಲಿ?

ಮಾನ್ಯ ಸಂಪಾದಕರೇ,

2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ 76,000 ಕೋಟಿ ರೂಪಾಯಿಯ ಸೆಮಿಕಂಡಕ್ಟರ್ ಯೋಜನೆ ಪ್ರಕಟಿಸಿದಂದಿನಿಂದ ಫ್ಯಾಬ್, ಅಂದರೆ ಚಿಪ್ ತಯಾರಿಸುವ ಕಾರ್ಖಾನೆ, ಯಾವ ರಾಜ್ಯದ ಪಾಲಾಗುತ್ತದೆ, ಯಂತ್ರ ಯಾರು ಕೊಡುತ್ತಾರೆ, ಎಂಜಿನಿಯರುಗಳು ಎಷ್ಟು ಮಂದಿ ಬೇಕು ಎಂಬ ಚರ್ಚೆ ಪತ್ರಿಕೆಗಳಲ್ಲಿ ನಡೆಯುತ್ತಲೇ ಇದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಡಿಸೈನ್ ಕೇಂದ್ರ ತೆರೆದ ಮೇಲೆ ಬೆಂಗಳೂರಿಗೆ ಚಿಪ್ ಎಂದರೆ ಡಿಸೈನ್ ಎಂದೇ ಆಗಿಹೋಗಿದೆ. ಡಿಸೈನ್ ಮಾಡಿದ ಚಿತ್ರ ಸಿಲಿಕಾನ್ ಮೇಲೆ ಇಳಿಯುವುದು ಫೋಟೋರೆಸಿಸ್ಟ್ ಎಂಬ ತೆಳು ಪಾಲಿಮರ್ ಪದರದ ಮೂಲಕ. ಅದರ ಬಗ್ಗೆ ಒಂದು ಸಾಲೂ ಕಾಣುವುದಿಲ್ಲ. ನಮ್ಮಲ್ಲಿ ಒಬ್ಬರು ಪಾಲಿಮರ್ ರಸಾಯನದವರು, ಇನ್ನೊಬ್ಬರು ಲಿಥೋಗ್ರಫಿಯವರು, ಅಂದರೆ ಬೆಳಕಿನಿಂದ ಆ ಚಿತ್ರ ಇಳಿಸುವ ಕೆಲಸದವರು. ಇಬ್ಬರೂ ಸೇರಿ ಹೇಳಬೇಕೆಂದಿರುವುದು ಇಷ್ಟು: ಚಿಪ್ ಕೆಲಸಕ್ಕೆ ನಮ್ಮ ರಸಾಯನ ವಿಭಾಗಗಳನ್ನು ಈಗಲೇ ಕರೆತರಬೇಕು. ಅದಕ್ಕೆ ಫ್ಯಾಬ್ ಬರುವವರೆಗೆ ಕಾಯಬೇಕಿಲ್ಲ, ಎಂ.ಎಸ್ಸಿ. ಲ್ಯಾಬಿನಲ್ಲಿ ಇರುವ ಸಾಮಾನಿನಲ್ಲೇ ಶುರುಮಾಡಬಹುದು.

ಈ ರಸಾಯನ ಪತ್ರಿಕೆಯವರಿಗೆ ಹೊಸದಲ್ಲ. ಆಫ್‌ಸೆಟ್ ಮುದ್ರಣದಲ್ಲಿ ವರ್ಷಗಟ್ಟಲೆ ಬಳಸಿದ, ಮೊದಲೇ ಲೇಪ ಹಚ್ಚಿ ಬರುವ ಪಾಸಿಟಿವ್ ಪಿ.ಎಸ್. ಪ್ಲೇಟಿನ ಮೇಲಿನ ಲೇಪವೂ, ಚಿಪ್ ಉದ್ಯಮ ಬಹುಕಾಲ ನೆಚ್ಚಿಕೊಂಡಿದ್ದ ರೆಸಿಸ್ಟೂ ಒಂದೇ ಕುಟುಂಬದವು: ನೋವೊಲ್ಯಾಕ್ ರಾಳ ಮತ್ತು ಡಯಾಜೊನ್ಯಾಫ್ತೊಕ್ವಿನೋನ್, ಚಿಕ್ಕದಾಗಿ ಡಿಎನ್‌ಕ್ಯೂ. 1940ರ ದಶಕದಲ್ಲಿ ಜರ್ಮನಿಯ ಕಾಲೆ ಕಂಪನಿಯ ಆಸ್ಕರ್ ಸ್ಯೂಸ್ ಇದರ ರಸಾಯನವನ್ನು ಬಿಡಿಸಿದ್ದು ಮುದ್ರಣದ ಸಲುವಾಗಿ. ಬೆಳಕು ಬಿದ್ದ ಡಿಎನ್‌ಕ್ಯೂ ನೈಟ್ರೋಜನ್ ಕಳೆದುಕೊಂಡು ಕೀಟೀನ್ ಆಗುತ್ತದೆ. ಕೀಟೀನ್ ಪದರದೊಳಗಿನ ನೀರಿನ ಜೊತೆ ಸೇರಿ ಕಾರ್ಬಾಕ್ಸಿಲಿಕ್ ಆಮ್ಲವಾಗುತ್ತದೆ, ಆ ಜಾಗ ಕ್ಷಾರದಲ್ಲಿ ಕರಗುತ್ತದೆ. ಬೆಳಕು ಬೀಳದ ಜಾಗದಲ್ಲಿ ಡಿಎನ್‌ಕ್ಯೂ ಹಾಗೇ ಉಳಿದು ರಾಳವನ್ನು ಕರಗದಂತೆ ತಡೆಯುತ್ತದೆ.

ಇಲ್ಲಿ ನೀರು ಬೇಕೇ ಬೇಕು ಎಂಬುದನ್ನು ಬೆಂಗಳೂರಿನವರು ಮುಖ್ಯವಾಗಿ ಗಮನಿಸಬೇಕು. ಫೆಬ್ರವರಿ, ಮಾರ್ಚ್ ಮಧ್ಯಾಹ್ನಗಳಲ್ಲಿ ನಮ್ಮ ಗಾಳಿಯ ತೇವಾಂಶ ಶೇ 30ರ ಆಸುಪಾಸಿಗೆ ಇಳಿಯುತ್ತದೆ, ಮಳೆಗಾಲದಲ್ಲಿ ಶೇ 80 ದಾಟುತ್ತದೆ. ಲಿಥೋಗ್ರಫಿಗೆ ಬೇಕಾದದ್ದು ಶೇ 40ರಿಂದ 50. ತೇವಾಂಶ ಹಿಡಿತದಲ್ಲಿಲ್ಲದ ಕೋಣೆಯಲ್ಲಿ ಒಣಹವೆಯ ದಿನ ಕೀಟೀನಿಗೆ ನೀರು ಸಿಗುವುದಿಲ್ಲ, ಅದು ನೋವೊಲ್ಯಾಕ್‌ಗೇ ಅಂಟಿಕೊಳ್ಳುತ್ತದೆ. ಆಗ ಡೆವಲಪರಿನಲ್ಲಿ, ಅಂದರೆ ಚಿತ್ರ ಬಿಡಿಸುವ ಕ್ಷಾರ ದ್ರವದಲ್ಲಿ, ಎಷ್ಟು ಹೊತ್ತು ಇಟ್ಟರೂ ತಳದಲ್ಲಿ ಪೊರೆ ಉಳಿಯುತ್ತದೆ. ವಿದ್ಯಾರ್ಥಿಗಳು ಲ್ಯಾಂಪ್ ಹಳತಾಗಿದೆಯೆಂದು ಬೆಳಕು ಕೊಡುವ ಸಮಯ, ಅಂದರೆ ಎಕ್ಸ್‌ಪೋಷರ್ ಹೆಚ್ಚಿಸುತ್ತಾ ಹೋಗುತ್ತಾರೆ, ಕೊನೆಗೆ ಗೆರೆಗಳ ಅಂಚು ಕೆಡುತ್ತದೆ. ಒಂದು ಮೈಕ್ರೋಮೀಟರ್ ದಪ್ಪದ ಪದರ ಬೇಕ್ ಆದ ಮೇಲೆ ಗಾಳಿಯಲ್ಲಿ ಒಂದೆರಡು ನಿಮಿಷದಲ್ಲಿ ತೇವ ಎಳೆದುಕೊಳ್ಳುತ್ತದೆ. ಹತ್ತು ಮೈಕ್ರೋಮೀಟರಿಗೆ ಅರ್ಧ ಗಂಟೆಗೂ ಹೆಚ್ಚು ಬಿಡಬೇಕು. ಗೋಡೆಗೊಂದು ತೇವಾಂಶ ಮಾಪಕ ತೂಗುಹಾಕಿ ಪ್ರತಿ ವೇಫರಿನ (ಸಿಲಿಕಾನ್ ಬಿಲ್ಲೆಯ) ಪಕ್ಕ ಅದರ ಅಂಕಿ ಬರೆದಿಟ್ಟರೆ ಇಂಥ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ.

ರೆಸಿಸ್ಟ್ ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಮುಚ್ಚಳ ಬಿಚ್ಚುವುದೂ ಇಂಥದ್ದೇ ತಪ್ಪು. ತಣ್ಣಗಿನ ದ್ರವದ ಮೇಲೆ ಗಾಳಿಯ ತೇವ ಹನಿಯಾಗಿ ಇಳಿಯುತ್ತದೆ. ಬಾಟಲಿ ಕೋಣೆಯ ಉಷ್ಣಾಂಶಕ್ಕೆ ಬರಲು ಕೆಲವು ಗಂಟೆ ಬಿಡಬೇಕು. ಬಿಳಿ ಎಲ್‌ಇಡಿ ಕೆಳಗೆ ಕೆಲಸ ಮಾಡುವಂತಿಲ್ಲ, 500 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಬೆಳಕನ್ನೆಲ್ಲ ತಡೆಯುವ ಹಳದಿ ಹಾಳೆ ದೀಪಕ್ಕೂ ಕಿಟಕಿಗೂ ಬೇಕು.

436 ಮತ್ತು 365 ನ್ಯಾನೋಮೀಟರ್ ಬೆಳಕಿಗೆ ಡಿಎನ್‌ಕ್ಯೂ ಹೇಳಿ ಮಾಡಿಸಿದಂತಿತ್ತು. ಗೆರೆ ಇನ್ನೂ ಸಣ್ಣದಾಗಬೇಕೆಂದು 250ರ ಆಸುಪಾಸಿಗೆ ಹೋದಾಗ ಎರಡು ಕಡೆಯಿಂದ ಪೆಟ್ಟು ಬಿತ್ತು. ಆ ಬೆಳಕನ್ನು ನೋವೊಲ್ಯಾಕ್ ಮೇಲುಭಾಗದಲ್ಲೇ ಹೀರಿಬಿಡುತ್ತದೆ. ಆಗಿನ ಲಿಥೋಗ್ರಫಿ ಯಂತ್ರಗಳ ಪಾದರಸ ದೀಪದಲ್ಲಿ ಆ ಬೆಳಕು ಬಲು ಕಡಿಮೆ. ಡಿಎನ್‌ಕ್ಯೂನಲ್ಲಿ ಒಂದು ಫೋಟಾನ್ ಹೆಚ್ಚೆಂದರೆ ಒಂದು ಅಣುವನ್ನು ಬದಲಿಸುತ್ತದೆ, ವಾಸ್ತವದಲ್ಲಿ ಮೂರು ನಾಲ್ಕು ಫೋಟಾನಿಗೆ ಒಂದು. ಅಷ್ಟರಿಂದ ಕಾರ್ಖಾನೆ ನಡೆಯದು.

ದಾರಿ ಹುಡುಕಿದವರು ಪಾಲಿಮರ್ ರಸಾಯನದವರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ಐಬಿಎಂ ಪ್ರಯೋಗಾಲಯದಲ್ಲಿದ್ದ ಗ್ರಾಂಟ್ ವಿಲ್ಸನ್ ಜೊತೆ, 1979ರಲ್ಲಿ ಒಟ್ಟಾವ ವಿಶ್ವವಿದ್ಯಾಲಯದಿಂದ ಬಂದ ಜಾನ್ ಫ್ರೆಶೆ, ಮರುವರ್ಷ ಸೇರಿದ ಹಿರೋಶಿ ಇಟೊ ಕೈಜೋಡಿಸಿದರು. ಅವರ ಉಪಾಯ ಹೀಗಿತ್ತು. ಪಾಲಿಹೈಡ್ರಾಕ್ಸಿಸ್ಟೈರೀನ್ ಕ್ಷಾರದಲ್ಲಿ ಕರಗುವ ಪಾಲಿಮರ್. ಅದರ ಪ್ರತಿ ಹೈಡ್ರಾಕ್ಸಿಲ್ ಗುಂಪಿಗೂ ಟಿ-ಬಾಕ್ ಎಂಬ ಮುಚ್ಚಳ ತೊಡಿಸಿದರೆ ಕರಗುವುದು ನಿಲ್ಲುತ್ತದೆ. ಅದರೊಳಗೆ ಬೆಳಕಿಗೆ ಆಮ್ಲ ಬಿಡುವ ಓನಿಯಂ ಲವಣವನ್ನು ಒಂದಿಷ್ಟು ಬೆರೆಸಬೇಕು. ಈ ಲವಣಗಳನ್ನು ಜನರಲ್ ಎಲೆಕ್ಟ್ರಿಕ್‌ನ ಜೇಮ್ಸ್ ಕ್ರಿವೆಲ್ಲೊ ಬೇರೆ ಕೆಲಸಕ್ಕೆಂದು ಮೊದಲೇ ಮಾಡಿಟ್ಟಿದ್ದರು. ಬೆಳಕು ಬಿದ್ದಲ್ಲಿ ಹುಟ್ಟಿದ ಆಮ್ಲ, ವೇಫರನ್ನು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಕ್ ಮಾಡಿದಾಗ ಒಂದು ಟಿ-ಬಾಕ್ ಕಳಚುತ್ತದೆ, ಮತ್ತೆ ಆಮ್ಲವಾಗಿಯೇ ಹೊರಬಂದು ಪಕ್ಕದ್ದನ್ನು ಕಳಚುತ್ತದೆ. ಹೀಗೆ ಒಂದು ಆಮ್ಲದ ಅಣು ನೂರಾರು ಮುಚ್ಚಳ ಬಿಚ್ಚುತ್ತದೆ. ಬೆಳಕು ಕಡಿಮೆಯಿದ್ದರೂ ಕೆಲಸ ಕೆಡದು. ಕೆಮಿಕಲಿ ಆಂಪ್ಲಿಫೈಡ್ ರೆಸಿಸ್ಟ್ ಎಂದು ಇಂದು ಎಲ್ಲ ಫ್ಯಾಬುಗಳಲ್ಲೂ ಕರೆಯುವುದು ಇದನ್ನೇ. 1985ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು, ಅದೇ ದಶಕದಲ್ಲಿ ಐಬಿಎಂ ಇದನ್ನು ಒಂದು ಮೆಗಾಬಿಟ್ ಮೆಮೊರಿ ಚಿಪ್ ಡಿ-ರ್‍ಯಾಮ್ ತಯಾರಿಕೆಗೆ ಹಚ್ಚಿತು. ವಿಲ್ಸನ್, ಫ್ರೆಶೆ ಇಬ್ಬರಿಗೂ 2013ರಲ್ಲಿ ಜಪಾನ್ ಪ್ರಶಸ್ತಿ ಬಂತು. ಇಟೊ 2009ರಲ್ಲೇ ತೀರಿಕೊಂಡಿದ್ದರು.

ಇಷ್ಟು ಓದಿದರೆ ಎಲ್ಲ ಸುಗಮವಾಗಿ ನಡೆಯಿತು ಅನ್ನಿಸಬಹುದು. ಅಸಲಿ ಕಷ್ಟ ಕಾರ್ಖಾನೆಗೆ ಹೋದ ಮೇಲೆ ಬಂತು. ಒಂದು ದಿನ ಸರಿಯಾಗಿ ಬಂದ ಗೆರೆಗಳು ಮರುದಿನ ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಬರುತ್ತಿದ್ದವು: ಕೆಳಗೆ ಸರಿಯಾದ ಅಗಲ, ಮೇಲೊಂದು ಚಾಚಿಕೊಂಡ ತಟ್ಟೆ. ಕೆಲವೊಮ್ಮೆ ಇಡೀ ಮೇಲ್ಮೈ ಚರ್ಮ ಕಟ್ಟಿದಂತಾಗಿ ಡೆವಲಪರ್ ಒಳಗಿಳಿಯುತ್ತಲೇ ಇರಲಿಲ್ಲ. ಕಾರಣ ಗಾಳಿಯಲ್ಲಿತ್ತು. ಅಮೋನಿಯಾ, ಅಮೈನ್, ಎನ್‌ಎಂಪಿ ದ್ರಾವಕದ ಆವಿ ಕೆಲವೇ ಪಿಪಿಬಿ, ಅಂದರೆ ನೂರು ಕೋಟಿಗೆ ಕೆಲವೇ ಅಣುಗಳಷ್ಟಿದ್ದರೂ ಮೇಲ್ಪದರದ ಆಮ್ಲವನ್ನು ಕೊಂದುಬಿಡುತ್ತಿತ್ತು. ಒಂದು ಆಮ್ಲದಿಂದ ನೂರಾರು ಕೆಲಸ ಮಾಡಿಸಿಕೊಳ್ಳುವಲ್ಲಿ ಒಂದು ಆಮ್ಲ ಸತ್ತರೆ ಆ ನೂರಾರು ಕೆಲಸವೂ ನಿಲ್ಲುತ್ತದೆ. ಐಬಿಎಂನವರು 1990ರ ದಶಕದ ಆರಂಭದಲ್ಲಿ ಇದರ ಜಾಡು ಹಿಡಿದರು. ಗೋಡೆಯ ಬಣ್ಣ, ಅಂಟು, ನೆಲ ಒರೆಸುವ ದ್ರವ ಎಲ್ಲವೂ ಮೂಲವಾಗಬಹುದು. ವೇಫರಿಗೆ ರೆಸಿಸ್ಟ್ ಕಚ್ಚಿಕೊಳ್ಳಲೆಂದು ಮೊದಲು ಹಚ್ಚುವ ಎಚ್‌ಎಂಡಿಎಸ್ ಕೂಡ ಅಮೋನಿಯಾ ಬಿಡುತ್ತದೆ.

ಪರಿಹಾರ ಎರಡು ಕಡೆಯಿಂದಲೂ ಬಂತು. ಗಾಳಿಗೆ ರಾಸಾಯನಿಕ ಫಿಲ್ಟರ್ ಹಾಕಿದರು, ಎಕ್ಸ್‌ಪೋಷರಿನಿಂದ ಬೇಕ್‌ವರೆಗಿನ ಸಮಯವನ್ನು ನಿಮಿಷಗಳ ಲೆಕ್ಕದಲ್ಲಿ ಬಿಗಿಹಿಡಿದರು. ಇಟೊ ಇನ್ನೊಂದು ಕಡೆಯಿಂದ ಹೋದರು. ಪಾಲಿಮರಿನ ಗಾಜಾಗುವ ಉಷ್ಣಾಂಶದ ಹತ್ತಿರದವರೆಗೂ ಪದರವನ್ನು ಮೊದಲೇ ಕಾಯಿಸಿದರೆ ಸರಪಳಿಗಳ ನಡುವಿನ ಸಂದು ಮುಚ್ಚಿಕೊಂಡು ಅಮೈನ್ ಒಳಗೆ ಇಳಿಯಲು ಜಾಗ ಸಿಗುವುದಿಲ್ಲ. ಆದರೆ ಟಿ-ಬಾಕ್ ಅಷ್ಟು ಬಿಸಿ ತಡೆಯದು. ಆದ್ದರಿಂದ ಹೈಡ್ರಾಕ್ಸಿಸ್ಟೈರೀನ್ ಜೊತೆ ಟರ್ಷರಿ ಬ್ಯುಟೈಲ್ ಅಕ್ರಿಲೇಟ್ ಸೇರಿಸಿ, ಹೆಚ್ಚು ಬಿಸಿ ತಾಳುವ ಹೊಸ ಕೋಪಾಲಿಮರ್ ಕಟ್ಟಿದರು. ಲಿಥೋಗ್ರಫಿಯವರ ತೊಂದರೆ ಏನೆಂದು ಪಾಲಿಮರಿನವರಿಗೆ ಗೊತ್ತಿದ್ದರೆ ಮಾತ್ರ ಇಂಥ ಉತ್ತರ ಹೊಳೆಯುತ್ತದೆ.

ಮುಂದೆ ತರಂಗಾಂತರ ಬದಲಾದಾಗೆಲ್ಲ ಪಾಲಿಮರೂ ಬದಲಾಯಿತು. 193 ನ್ಯಾನೋಮೀಟರಿನಲ್ಲಿ ಬೆಂಜೀನ್ ಉಂಗುರ ಬೆಳಕನ್ನು ನುಂಗುತ್ತದೆ. ಆದ್ದರಿಂದ ಅಡಮಂಟೇನ್, ಲ್ಯಾಕ್ಟೋನ್ ಹೊತ್ತ ಮೆಥಾಕ್ರಿಲೇಟುಗಳು ಬಂದವು. ಈಗ 13.5 ನ್ಯಾನೋಮೀಟರಿನ ಇಯುವಿ (ತೀವ್ರ ನೇರಳಾತೀತ) ಬೆಳಕಿನಲ್ಲಿ ತೊಡಕೇ ಬೇರೆ. ಚದರ ಸೆಂಟಿಮೀಟರಿಗೆ 20 ಮಿಲಿಜೌಲ್ ಬೆಳಕು ಕೊಟ್ಟರೆ 193ರಲ್ಲಿ ಪ್ರತಿ ಚದರ ನ್ಯಾನೋಮೀಟರಿಗೆ ಸುಮಾರು 190 ಫೋಟಾನ್ ಬೀಳುತ್ತವೆ. ಇಯುವಿ ಫೋಟಾನ್ ಒಂದೊಂದಕ್ಕೂ 92 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಿರುವುದರಿಂದ ಅಷ್ಟೇ ಮಿಲಿಜೌಲಿಗೆ ಬೀಳುವುದು ಕೇವಲ 14ರಷ್ಟು. ಅದರಲ್ಲೂ ಪದರ ಹೀರುವುದು ಸ್ವಲ್ಪ. ಒಂದೆಡೆ ಎರಡು ಹೆಚ್ಚು ಬಿದ್ದು ಇನ್ನೊಂದೆಡೆ ಎರಡು ಕಡಿಮೆ ಬಿದ್ದರೆ ಗೆರೆಯ ಅಂಚು ಒರಟಾಗುತ್ತದೆ. ಬೆಳಕು ಹೆಚ್ಚಿಸಿದರೆ ಯಂತ್ರದ ವೇಗ ಇಳಿಯುತ್ತದೆ. ಆಮ್ಲವನ್ನು ಹೆಚ್ಚು ದೂರ ಓಡಾಡಲು ಬಿಟ್ಟರೆ ಒರಟುತನ ಸರಿಹೋದೀತು, ಸಣ್ಣ ಗೆರೆ ಬಿಡಿಸುವ ಶಕ್ತಿ ಹೋಗುತ್ತದೆ. ಮೂರನ್ನೂ ಒಟ್ಟಿಗೆ ಗೆಲ್ಲುವ ಪದಾರ್ಥ ಯಾರ ಕೈಗೂ ಸಿಕ್ಕಿಲ್ಲ. ತವರ ಆಧಾರಿತ ಲೋಹದ ಆಕ್ಸೈಡ್ ರೆಸಿಸ್ಟುಗಳ ಕಡೆ ಉದ್ಯಮ ವಾಲುತ್ತಿರುವುದು ಇದರಿಂದಲೇ. ಈ ಸ್ಪರ್ಧೆಗೆ ನಮ್ಮ ವಿದ್ಯಾರ್ಥಿಗಳು ತಡವಾಗಿ ಬಂದಿದ್ದಾರೆ ಎಂದು ನಾವು ಒಪ್ಪುವುದಿಲ್ಲ.

ರೆಸಿಸ್ಟ್ ಬೇಕಾದರೆ ಹೊರಗಿನಿಂದ ತರಿಸಿಕೊಳ್ಳೋಣ ಎನ್ನುವವರು 2019ನೇ ಇಸವಿಯನ್ನು ನೆನೆಯಬೇಕು. ಆ ವರ್ಷದ ಆರಂಭದಲ್ಲಿ ತೈವಾನಿನ ಟಿಎಸ್‌ಎಂಸಿಯ ಒಂದು ಫ್ಯಾಬಿಗೆ ಬಂದ ರೆಸಿಸ್ಟಿನಲ್ಲಿ ಒಂದು ಘಟಕ ಸರಿಯಾಗಿ ಸಂಸ್ಕರಣೆಯಾಗದೆ ಬೇಡದ ಪಾಲಿಮರ್ ಹುಟ್ಟಿಕೊಂಡಿತ್ತು. ವೇಫರುಗಳನ್ನು ರಾಶಿಗಟ್ಟಲೆ ಎಸೆಯಬೇಕಾಯಿತು. ಆ ತ್ರೈಮಾಸಿಕದ ವರಮಾನ ಸುಮಾರು 55 ಕೋಟಿ ಡಾಲರಿನಷ್ಟು ಕಡಿಮೆಯಾಗುತ್ತದೆಂದು ಕಂಪನಿಯೇ ಹೇಳಿತು. ಜುಲೈನಲ್ಲಿ ಜಪಾನ್, ದಕ್ಷಿಣ ಕೊರಿಯಾಕ್ಕೆ ಕಳಿಸುವ ಮೂರು ಪದಾರ್ಥಗಳ ರಫ್ತಿಗೆ ಬಿಗಿ ನಿಯಮ ಹೇರಿತು, ಅವುಗಳಲ್ಲೊಂದು ಫೋಟೋರೆಸಿಸ್ಟ್. ಚಿಪ್ ಮಾಡುವುದರಲ್ಲಿ ಪಳಗಿದ ಕೊರಿಯಾವೇ ಕಂಗಾಲಾಯಿತು. ಮೊದಲಿನದು ಪಾಲಿಮರ್ ಶುದ್ಧತೆಯ ಪ್ರಶ್ನೆ, ಎರಡನೆಯದು ಪೂರೈಕೆಯದ್ದು. ರೆಸಿಸ್ಟನ್ನು ಹೊರಗಿನಿಂದಲೇ ತರಿಸಿದರೂ ಬಂದದ್ದು ಸರಿಯಿದೆಯೇ ಎಂದು ಪರೀಕ್ಷಿಸಬಲ್ಲ ರಸಾಯನದವರು ಇಲ್ಲಿಯೇ ಇರಬೇಕು.

ಅಂಥವರನ್ನು ತಯಾರಿಸುವ ಒಂದು ಪ್ರಯೋಗವನ್ನು ಇಲ್ಲಿ ಕೊಡುತ್ತೇವೆ. ಎಫ್‌ಟಿಐಆರ್, ಟಿಜಿಎ ಇರುವ ಯಾವ ವಿಭಾಗವೂ ಮಾಡಬಹುದು. ಮೊದಲನೆಯದು ಅವಗೆಂಪು ಬೆಳಕಿನಿಂದ ಅಣುವಿನ ಗುಂಪುಗಳನ್ನು ಗುರುತಿಸುವ ಉಪಕರಣ, ಎರಡನೆಯದು ಬಿಸಿಮಾಡುತ್ತಾ ತೂಕದ ಇಳಿಕೆ ಅಳೆಯುವುದು.

ಪಾಲಿಹೈಡ್ರಾಕ್ಸಿಸ್ಟೈರೀನ್ ಪುಡಿ ಸಿದ್ಧವಾಗಿಯೇ ಸಿಗುತ್ತದೆ. 6 ಗ್ರಾಂ ತೆಗೆದುಕೊಂಡು 60 ಮಿ.ಲೀ. ಒಣ ಟಿಎಚ್‌ಎಫ್ ದ್ರಾವಕದಲ್ಲಿ ಕರಗಿಸಿ. 12 ಗ್ರಾಂ ಡೈ-ಟರ್ಷರಿ-ಬ್ಯುಟೈಲ್ ಡೈಕಾರ್ಬೊನೇಟ್, ವೇಗವರ್ಧಕವಾಗಿ 0.1 ಗ್ರಾಂ ಡಿಎಂಎಪಿ ಹಾಕಿ ಕೋಣೆಯ ಉಷ್ಣಾಂಶದಲ್ಲಿ ರಾತ್ರಿಯಿಡೀ ಕಲಕಲು ಬಿಡಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಫ್ಲಾಸ್ಕನ್ನು ಬಿಗಿಯಾಗಿ ಮುಚ್ಚಲೇಬೇಡಿ. ಡಿಎಂಎಪಿ ಕ್ಷಾರ. ಅದರ ಲವಲೇಶ ಉಳಿದರೂ ಮುಂದೆ ಹುಟ್ಟುವ ಆಮ್ಲವನ್ನು ನುಂಗುತ್ತದೆ. ಹಾಗಾಗಿ ಟಿಎಚ್‌ಎಫ್ ಆರಿಸಿ, ಈಥೈಲ್ ಅಸಿಟೇಟಿನಲ್ಲಿ ಕರಗಿಸಿ, ಶೇ 5ರ ಸಿಟ್ರಿಕ್ ಆಮ್ಲದಿಂದಲೂ ಆಮೇಲೆ ನೀರಿನಿಂದಲೂ ತೊಳೆಯಬೇಕು. ಹೈಡ್ರೋಕ್ಲೋರಿಕ್ ಆಮ್ಲದ ತಂಟೆಗೆ ಹೋಗಬೇಡಿ, ಟಿ-ಬಾಕ್ ಕಳಚೀತು. ದ್ರಾವಕವನ್ನು ಬಹುಪಾಲು ಆರಿಸಿ, ಉಳಿದದ್ದನ್ನು ಮೆಥನಾಲ್–ನೀರಿನ ಮಿಶ್ರಣಕ್ಕೆ ತೆಳ್ಳಗೆ ಸುರಿದರೆ ಬಿಳಿ ಪಾಲಿಮರ್ ಇಳಿಯುತ್ತದೆ. 40 ಡಿಗ್ರಿಯಲ್ಲಿ ನಿರ್ವಾತದಲ್ಲಿ ಒಣಗಿಸಿ. ಎಲ್ಲ ಗುಂಪಿಗೂ ಮುಚ್ಚಳ ಬಿದ್ದಿದ್ದರೆ ಲೆಕ್ಕದ ಪ್ರಕಾರ 11 ಗ್ರಾಂ ಸಿಗಬೇಕು.

ಸರಿಯಾಗಿದೆಯೇ ಎಂದು ಟಿಜಿಎ ಹೇಳುತ್ತದೆ. 190 ಡಿಗ್ರಿಯ ಸುತ್ತಮುತ್ತ ತೂಕ ಒಮ್ಮೆಲೇ ಬೀಳಬೇಕು. ಪ್ರತಿ ಘಟಕದ ತೂಕ 220, ಅದರಿಂದ ಹೋಗುವುದು ಇಂಗಾಲದ ಡೈಆಕ್ಸೈಡ್ 44, ಐಸೊಬ್ಯುಟಿಲೀನ್ 56. ಅಂದರೆ ಶೇ 45ರಷ್ಟು ಇಳಿಕೆ. ಶೇ 38 ಬಂದರೆ ಕೆಲವು ಹೈಡ್ರಾಕ್ಸಿಲ್ ಗುಂಪುಗಳಿಗೆ ಮುಚ್ಚಳ ಬಿದ್ದಿಲ್ಲ ಎಂದರ್ಥ.

ಈ ಪಾಲಿಮರ್ 2 ಗ್ರಾಂ, ಪಿಜಿಎಂಇಎ ದ್ರಾವಕ 8 ಗ್ರಾಂ, ಆಮ್ಲ ಬಿಡುವ ಲವಣವಾಗಿ ಟ್ರೈಫಿನೈಲ್‌ಸಲ್ಫೋನಿಯಂ ಟ್ರೈಫ್ಲೇಟ್ 0.1 ಗ್ರಾಂ. ಇಲ್ಲಿಂದ ಮುಂದಿನದೆಲ್ಲ ಹಳದಿ ಬೆಳಕಿನಲ್ಲಿ. 0.2 ಮೈಕ್ರೋಮೀಟರಿನ ಪಿಟಿಎಫ್‌ಇ ಸಿರಿಂಜ್ ಫಿಲ್ಟರಿನಲ್ಲಿ ಸೋಸಿ, ಸಿಲಿಕಾನ್ ತುಂಡಿನ ಮೇಲೆ ನಿಮಿಷಕ್ಕೆ 3,000 ಸುತ್ತಿನಲ್ಲಿ 40 ಸೆಕೆಂಡ್ ತಿರುಗಿಸಿದರೆ ಸುಮಾರು ಒಂದು ಮೈಕ್ರೋಮೀಟರ್ ದಪ್ಪ ಬರುತ್ತದೆ. ಸುತ್ತು ನಾಲ್ಕು ಪಟ್ಟಾದರೆ ದಪ್ಪ ಅರ್ಧವಾಗುತ್ತದೆಂಬ ಅಂದಾಜು ಸಾಕು. ಬಾಲವಿರುವ ಧೂಮಕೇತುವಿನಂಥ ಗೆರೆ ಕಂಡರೆ ದೂಳಿನ ಕಣವಿದೆ, ಮತ್ತೆ ಸೋಸಬೇಕು. ಹಾಟ್‌ಪ್ಲೇಟಿನಲ್ಲಿ 100 ಡಿಗ್ರಿಗೆ ಒಂದು ನಿಮಿಷ.

ಬೆಳಕಿಗೆ ಟಿಎಲ್‌ಸಿ ಪ್ಲೇಟ್ ನೋಡುವ 254 ನ್ಯಾನೋಮೀಟರ್ ದೀಪವೇ ಸಾಕು. ಕಣ್ಣಿಗೆ, ಚರ್ಮಕ್ಕೆ ತಾಗದಂತೆ ಡಬ್ಬಿಯೊಳಗಿಟ್ಟು ಬಳಸಿ. ಮಾಸ್ಕ್ ಎಂದು ಸಾದಾ ಗಾಜನ್ನೋ ಪಾರದರ್ಶಕ ಹಾಳೆಯನ್ನೋ ಇಟ್ಟರೆ ಅವೇ ಈ ಬೆಳಕನ್ನು ತಡೆದುಬಿಡುತ್ತವೆ. ರಂಧ್ರ ಕೊರೆದ ಲೋಹದ ತಗಡು ಅಥವಾ ಕ್ವಾರ್ಟ್ಜ್ ಬೇಕು. 5, 10, 20, 40 ಸೆಕೆಂಡಿನ ಪಟ್ಟಿಗಳನ್ನು ಒಂದೇ ತುಂಡಿನ ಮೇಲೆ ಹಾಕಿ, ತಡಮಾಡದೆ 100 ಡಿಗ್ರಿಯಲ್ಲಿ 90 ಸೆಕೆಂಡ್ ಬೇಕ್ ಮಾಡಿ. ಎರಡೂ ಮುಖ ನಯವಾದ ಸಿಲಿಕಾನ್ ಬಳಸಿದ್ದರೆ ಐಆರ್‌ನಲ್ಲಿ ನೇರವಾಗಿ ನೋಡಬಹುದು: ತರಂಗಸಂಖ್ಯೆ 1760ರ ಬಳಿಯ ಕಾರ್ಬೊನೇಟ್ ಶಿಖರ ಕುಗ್ಗಿ, 3400ರ ಬಳಿ ಹೈಡ್ರಾಕ್ಸಿಲಿನ ಅಗಲವಾದ ಉಬ್ಬು ಏಳುತ್ತದೆ. ಬಿಸಿಯೊಂದರಿಂದಲೇ ಆಗಬೇಕಾದರೆ 190 ಡಿಗ್ರಿ ಬೇಕಿದ್ದ ಕ್ರಿಯೆ ಆಮ್ಲವಿದ್ದರೆ 100 ಡಿಗ್ರಿಯಲ್ಲೇ ಮುಗಿದಿರುವುದು ಕಣ್ಣೆದುರಿಗೇ ಕಾಣುತ್ತದೆ. ಇನ್ನೊಂದೆರಡು ತುಂಡು ಮಾಡಿಟ್ಟುಕೊಂಡು, ಒಂದನ್ನು ಟಿಎಂಎಎಚ್ ಎಂಬ ಕ್ಷಾರದ ಶೇ 2.38ರ ಜಲದ್ರಾವಣಕ್ಕೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ ಅದರಲ್ಲಿ ಅದ್ದಿದರೆ ಬೆಳಕು ಬಿದ್ದ ಭಾಗ ಹೋಗುತ್ತದೆ. ಇನ್ನೊಂದನ್ನು ಅನಿಸೋಲ್ ದ್ರಾವಕದಲ್ಲಿ ಅದ್ದಿದರೆ ಬೆಳಕು ಬೀಳದ ಭಾಗ ಹೋಗುತ್ತದೆ. ಐಬಿಎಂ ಮೊದಲು ತಯಾರಿಕೆಗೆ ಬಳಸಿದ್ದು ಈ ಎರಡನೆಯ ಬಗೆಯನ್ನು.

ಆಮೇಲೆ ಬೇಕೆಂದೇ ಕೆಡಿಸಿ ನೋಡಬೇಕು. ಬೆಳಕು ಕೊಟ್ಟ ಒಂದು ತುಂಡನ್ನು ಬೇಕ್ ಮಾಡುವ ಮೊದಲು ಅಮೋನಿಯಾ ಬಾಟಲಿ ತೆರೆದಿಟ್ಟ ಫ್ಯೂಮ್ ಹುಡ್‌ನೊಳಗೆ ಒಂದು ನಿಮಿಷ ಇಡಿ. ಟಿಎಂಎಎಚ್‌ನಲ್ಲಿ ಅದು ಕರಗುವುದೇ ಇಲ್ಲ. ಮೂಗಿಗೆ ಅಮೋನಿಯಾ ವಾಸನೆ ಬರುವ ಹೊತ್ತಿಗೆ ಅದು ರೆಸಿಸ್ಟ್ ತಾಳುವ ಮಟ್ಟವನ್ನು ನೂರಾರು ಪಟ್ಟು ದಾಟಿರುತ್ತದೆ. ರಸಾಯನ ಲ್ಯಾಬ್ ಎಂದರೆ ಟ್ರೈಈಥೈಲ್ ಅಮೈನ್, ಅಮೋನಿಯಾ ಸದಾ ಇರುವ ಜಾಗ, ಹಾಗಾಗಿ ಈ ಪ್ರಯೋಗಕ್ಕೆ ಬೇರೆಯೇ ಕೋಣೆ ಕೊಡಬೇಕು. ಕೆಟ್ಟದ್ದು ಏಕೆ ಕೆಟ್ಟಿತು ಎಂದು ಬರೆಸುವ ಈ ಭಾಗಕ್ಕೇ ಹೆಚ್ಚು ಅಂಕ ಇಡಬೇಕೆಂಬುದು ನಮ್ಮ ಅಭಿಪ್ರಾಯ.

ಟಿಎಂಎಎಚ್ ವಿಷಯದಲ್ಲಿ ಸಲಿಗೆ ಬೇಡ. ಅದು ಚರ್ಮದ ಮೂಲಕ ಒಳಗಿಳಿದು ಉಸಿರಾಟದ ಸ್ನಾಯುಗಳನ್ನು ನಿಲ್ಲಿಸಬಲ್ಲದು. ಶೇ 25ರ ದ್ರಾವಣ ಮೈಮೇಲೆ ಬಿದ್ದು ತೈವಾನಿನಲ್ಲಿ ಕಾರ್ಮಿಕರು ಸತ್ತಿದ್ದಾರೆ. ಕಾಲೇಜುಗಳು ಶೇ 25ರದ್ದನ್ನು ತಂದು ತೆಳುಮಾಡಿಕೊಳ್ಳುವ ಉಳಿತಾಯಕ್ಕೆ ಹೋಗದೆ ಶೇ 2.38ರದ್ದನ್ನೇ ಕೊಳ್ಳಬೇಕು. ಕೈಗವಸು, ಮುಖಕವಚ, ಹತ್ತಿರದಲ್ಲೇ ನೀರಿನ ಶವರ್ ಇರಬೇಕು. ಬಿದ್ದರೆ ಕೂಡಲೇ 15 ನಿಮಿಷ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಒಯ್ಯಬೇಕು. ಬಳಸಿದ ದ್ರವವನ್ನು ಸಿಂಕಿಗೆ ಸುರಿಯದೆ ಕ್ಯಾನಿನಲ್ಲಿ ಶೇಖರಿಸಿ ಅಧಿಕೃತ ತ್ಯಾಜ್ಯ ನಿರ್ವಹಣೆಯವರಿಗೆ ಕೊಡಬೇಕು. ಆಮ್ಲ ಬಿಡುವ ಲವಣದಲ್ಲಿ ಫ್ಲೋರಿನ್ ಇರುವುದರಿಂದ ಉಳಿದ ರೆಸಿಸ್ಟಿಗೂ ಇದೇ ನಿಯಮ.

ಇನ್ನು ನಮ್ಮ ಬೇಡಿಕೆಗಳು. ಬೆಂಗಳೂರಿನ ವಿಶ್ವವಿದ್ಯಾಲಯಗಳು ಎಂ.ಎಸ್ಸಿ. ರಸಾಯನ ಮತ್ತು ಎಲೆಕ್ಟ್ರಾನಿಕ್ಸ್ ವಿಭಾಗಗಳಿಗೆ ಲಿಥೋಗ್ರಫಿ ಪದಾರ್ಥಗಳ ಕುರಿತು ಒಂದು ಜಂಟಿ ಪಠ್ಯವಿಷಯ ಇಡಲಿ, ಪ್ರಯೋಗದಲ್ಲಿ ಎರಡೂ ವಿಭಾಗದವರು ಜೋಡಿಯಾಗಿ ನಿಲ್ಲಲಿ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದ ಕ್ಲೀನ್‌ರೂಮ್, ಕೇಂದ್ರ ಸರ್ಕಾರದ ಐಎನ್‌ಯುಪಿ (ಇಂಡಿಯನ್ ನ್ಯಾನೋಎಲೆಕ್ಟ್ರಾನಿಕ್ಸ್ ಯೂಸರ್ಸ್ ಪ್ರೋಗ್ರಾಂ) ಕಾರ್ಯಕ್ರಮದಡಿ ಹೊರಗಿನ ಕಾಲೇಜಿನವರಿಗೂ ತೆರೆದಿದೆ. ರಸಾಯನ ವಿಭಾಗಗಳೂ ತಮ್ಮ ಪಾಲಿಮರ್ ಹಿಡಿದು ಅಲ್ಲಿಗೆ ಅರ್ಜಿ ಹಾಕಬೇಕು. ಪಾಲಿಮರ್ ಕಲಿಸುವಾಗ ಇಳುವರಿ ಎಷ್ಟು ಬಂತೆಂದು ಕೇಳುವಷ್ಟೇ ಗಟ್ಟಿಯಾಗಿ ಸೋಡಿಯಂ, ಕಬ್ಬಿಣ ಎಷ್ಟು ಪಿಪಿಬಿ ಉಳಿದಿದೆ, ಈ ಸಲದ ಅಣುತೂಕ ಹೋದ ಸಲದ್ದಕ್ಕೆ ಹೊಂದುತ್ತದೆಯೇ ಎಂದೂ ಕೇಳಬೇಕು. ಗಾಜಿನ ಪಾತ್ರೆಯಿಂದಲೇ ಸೋಡಿಯಂ ಬಿಡುತ್ತದೆ, ಆದ್ದರಿಂದ ಕೊನೆಯ ಹಂತಗಳಿಗೆ ಪ್ಲಾಸ್ಟಿಕ್ ಪಾತ್ರೆ, ಅಯಾನ್ ವಿನಿಮಯ ರಾಳ ಅಭ್ಯಾಸವಾಗಬೇಕು. ಸರ್ಕಾರ ಸೆಮಿಕಂಡಕ್ಟರ್ ಕೌಶಲ ತರಬೇತಿಗೆ ಹಣ ಇಡುವಾಗ ರಸಾಯನ ಪದವೀಧರರನ್ನು ಅರ್ಹತೆಯ ಪಟ್ಟಿಯಿಂದ ಬಿಡಬಾರದು.

ಮೇಲಿನ ಪ್ರಯೋಗದ ವಿಧಾನವನ್ನು ಅಳತೆ, ಎಚ್ಚರಿಕೆ, ಕೆಟ್ಟರೆ ಏನು ನೋಡಬೇಕು ಎಂಬ ಪಟ್ಟಿಯ ಸಮೇತ ಕನ್ನಡದಲ್ಲಿ ಪೂರ್ತಿಯಾಗಿ ಬರೆದುಕೊಡಲು ನಾವು ಸಿದ್ಧರಿದ್ದೇವೆ. ಕೇಳುವ ಅಧ್ಯಾಪಕರಿಗೆ ಪತ್ರಿಕೆಯ ಮೂಲಕ ತಲುಪಿಸುತ್ತೇವೆ.

ಇಂತಿ,
ಒಬ್ಬ ಪಾಲಿಮರ್ ರಸಾಯನ ಅಧ್ಯಾಪಕ ಮತ್ತು ಒಬ್ಬ ಲಿಥೋಗ್ರಫಿ ಎಂಜಿನಿಯರ್
ಯಶವಂತಪುರ, ಬೆಂಗಳೂರು